ಉಪ್ಪು ನೋಡದ ಸಾರು

ಅಡುಗೆ ಭಟ್ಟರ ಬಾಯಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದದ್ದು ದಸರೆ ಮುಗಿದ ವಾರ. ಅರವತ್ತರ ದಶಕದ ಶುರು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿನ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಸಣ್ಣ ಡಿಸ್ಪೆನ್ಸರಿ ಇತ್ತು. ನಾನು ಅದರ ಪರವಾಗಿ ಮನೆಮನೆ ತಿರುಗುವ ನರ್ಸು. ಬಾಣಂತಿಯರು, ಕೂಸುಗಳು, ಹಾಸಿಗೆ ಹಿಡಿದ ಮುದುಕರ ಬೆನ್ನಿನ ಹುಣ್ಣು, ಇಷ್ಟರಲ್ಲಿ ನನ್ನ ದಿನ ಕಳೆಯುತ್ತಿತ್ತು. ಕ್ಯಾನ್ಸರ್ ಅನ್ನುವ ಮಾತನ್ನು ಜನ ಗಟ್ಟಿಯಾಗಿ ಆಡುತ್ತಿರಲಿಲ್ಲ.

ಡಾಕ್ಟರು ಒಂದು ಚೀಟಿ ಕೊಟ್ಟರು. "ತ್ಯಾಗರಾಜನಗರ. ಎಡಗೆನ್ನೆ ಒಳಗಡೆ ಗೆಡ್ಡೆ. ಸಿಟಿ ದೊಡ್ಡಾಸ್ಪತ್ರೆಯಲ್ಲಿ ಸೋಮವಾರದಿಂದ ಎಕ್ಸ್‌ರೇ ಚಿಕಿತ್ಸೆ, ಮೂವತ್ತು ಸಲ. ಅವರು ಮೂವತ್ತೂ ಮುಗಿಸೋ ಹಾಗೆ ನೋಡ್ಕೋಬೇಕು."

"ಅಷ್ಟೇನಾ ಸಾರ್?" ಅಂದೆ.

"ಅಷ್ಟೇ ಆಗಿದ್ರೆ ನಿಮ್ಮನ್ನ ಯಾಕೆ ಕಳಿಸ್ತಿದ್ದೆ," ಅಂದರು.

ನನ್ನ ಬಾಯಿ ಸ್ವಲ್ಪ ಜೋರು. ಔಷಧಿ ಕುಡಿಯದೆ ಹಟ ಹಿಡಿಯುವವರಿಗೆ ನನ್ನನ್ನು ಕಳಿಸುವುದು ಡಿಸ್ಪೆನ್ಸರಿಯ ರೂಢಿಯಾಗಿತ್ತು. ಹೊಗಳಿಕೆ ಅಂತಲೇ ತಿಳಿದು ಚೀಲ ಹೆಗಲಿಗೇರಿಸಿಕೊಂಡು ಹೊರಟೆ.

ಭಟ್ಟರು ಮದುವೆ, ಮುಂಜಿಗಳ ಅಡುಗೆಗೆ ಹೆಸರಾದವರು. ಬಸವನಗುಡಿಯ ದೊಡ್ಡ ಮನೆಗಳವರು ಲಗ್ನ ಗೊತ್ತುಮಾಡುವ ಮೊದಲು ಭಟ್ಟರಿಗೆ ಬಿಡುವಿದೆಯೇ ಅಂತ ಕೇಳಿಕೊಂಡು ಬರುತ್ತಿದ್ದರಂತೆ. ಕೆಲಸದ ಹೊತ್ತಿನಲ್ಲಿ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಕಡೆಯ ಪಂಕ್ತಿ ಎದ್ದ ಮೇಲೆ ಉಗ್ರಾಣದ ಮೂಲೆಯಲ್ಲಿ ಚಾಪೆ ಹಾಸಿ, ಎಲೆ, ಸುಣ್ಣ, ಹೊಗೆಸೊಪ್ಪು ಉಂಡೆ ಮಾಡಿ ಎಡಗೆನ್ನೆಗೆ ಒತ್ತಿಕೊಂಡು ಹಾಗೇ ನಿದ್ದೆ ಹೋಗುತ್ತಿದ್ದರು. ಮೂವತ್ತು ವರ್ಷ ಒಂದೇ ಜಾಗ. ಗೆಡ್ಡೆ ಎದ್ದದ್ದೂ ಅಲ್ಲೇ.

ಮೊದಲ ದಿನ ಜಗುಲಿಯ ಮೇಲೆ ಕೂತು ನನ್ನ ಕೊರಳಿನ ಶಿಲುಬೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಯಾವ ಕಡೆಯವರಮ್ಮ?"

"ಕೋಲಾರದ ಕಡೆ. ಕ್ರೈಸ್ತರು."

"ಬಾಯೊಳಗೆ ಕೈ ಹಾಕ್ತೀರಾ?"

"ಕೈ ಹಾಕದೆ ಔಷಧಿ ಹಚ್ಚೋದನ್ನ ನನಗೆ ಯಾರೂ ಹೇಳಿಕೊಟ್ಟಿಲ್ಲ ಭಟ್ರೇ."

ಅವರು ಮುಂದೆ ಸರಿದು ಕೂತರು. "ಔಷಧಿಗೆ ಮೈಲಿಗೆ ಇಲ್ಲ. ಅಡುಗೆಮನೆ ಹೊಸ್ತಿಲು ಮಾತ್ರ ದಾಟಬೇಡಿ ನರ್ಸಮ್ಮ. ಅದೊಂದು ನಡೆಸಿಕೊಡಿ."

ನನಗೆ ಮೈ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರು ಅದನ್ನು ಕೇಳಿದ ರೀತಿಯಲ್ಲಿ ಸೊಕ್ಕು ಇರಲಿಲ್ಲ. "ನಿಮ್ಮ ಅಡುಗೆಮನೆಯಲ್ಲಿ ನನಗೇನು ಕೆಲಸ," ಅಂತ ಹೇಳಿ ಟಾರ್ಚು ಹಚ್ಚಿ ಬಾಯಿ ನೋಡಿದೆ.

ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಜಟಕಾ ಬರುತ್ತಿತ್ತು. ಗಂಡ ಹೆಂಡತಿ ಹೋಗಿ 'ಕರೆಂಟು ಕೊಡಿಸಿಕೊಂಡು' ಮಧ್ಯಾಹ್ನಕ್ಕೆ ಮರಳುತ್ತಿದ್ದರು. ಕರೆಂಟು ಅನ್ನುವುದು ಆ ಚಿಕಿತ್ಸೆಗೆ ಜನ ಇಟ್ಟ ಹೆಸರು. ಯಂತ್ರದ ಕಿರಣ ಎಲ್ಲಿ ಬೀಳಬೇಕು ಅಂತ ಆಸ್ಪತ್ರೆಯವರು ಅವರ ಕೆನ್ನೆ, ಕತ್ತಿನ ಮೇಲೆ ನೇರಳೆ ಶಾಯಿಯ ಗೆರೆ ಎಳೆದಿದ್ದರು. ಆ ಗೆರೆ ಅಳಿಸಬಾರದು. ಆ ಜಾಗಕ್ಕೆ ಸೋಪು, ಕ್ಷೌರದ ಕತ್ತಿ ತಾಗಬಾರದು. ಸ್ನಾನ ಬೇಡ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಹೆಗಲಿಗೆ ಮೆತ್ತನೆಯ ಹಳೇ ಪಂಚೆ ಮಾತ್ರ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ ಎರಡು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಬೇಕು. ಇದನ್ನೆಲ್ಲ ಅವರ ಹೆಂಡತಿಗೆ ಮೂರು ಸಲ ಹೇಳಿ, ಮೂರು ಸಲ ಹೇಳಿಸಿದೆ. ಆಕೆ ಮಿತಭಾಷಿ, ಸಣಕಲು ಹೆಂಗಸು. ಶಾಲೆಯ ಮಗುವಿನ ಹಾಗೆ ಒಪ್ಪಿಸಿದರು, ಒಂದೂ ತಪ್ಪಲಿಲ್ಲ.

ಎರಡು ವಾರ ಗಾಡಿ ಸಲೀಸಾಗಿ ಓಡಿತು. ನಾನು ಡಿಸ್ಪೆನ್ಸರಿಯಲ್ಲಿ ಸ್ವಲ್ಪ ಜಂಬ ಪಟ್ಟುಕೊಂಡದ್ದೂ ಉಂಟು.

ನರಕ ಚತುರ್ದಶಿ ಕಳೆದ ಮಾರನೆಯ ದಿನ ಹೋದರೆ ಭಟ್ಟರ ಕತ್ತಿನ ಮೇಲೆ ಗೆರೆಗಳೇ ಇಲ್ಲ. ಚರ್ಮ ಕೆಂಡದ ಬಣ್ಣಕ್ಕೆ ತಿರುಗಿದೆ, ದವಡೆಯ ಕೆಳಗೆ ಸಿಪ್ಪೆ ಎದ್ದು ನೀರು ಜಿನುಗುತ್ತಿದೆ.

"ಏನು ಮಾಡಿದ್ರಿ?" ಅಂದೆ.

"ಏನೂ ಮಾಡಿಲ್ಲ," ಅಂದರು ಹೆಂಡತಿ.

"ಸ್ನಾನ?"

"ಬರೀ ಒದ್ದೆ ಬಟ್ಟೇಲಿ ಒರೆಸ್ತಿದ್ದೀವಿ. ನೀವು ಹೇಳಿದ ಹಾಗೇನೇ."

"ನಿನ್ನೆ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. "ನಿನ್ನೆ ಎಣ್ಣೆ ಶಾಸ್ತ್ರ ಅಲ್ವಾ. ಹಂಡೆಗೆ ಪೂಜೆ ಮಾಡಿ ನೀರು ಕಾಯಿಸಿದ್ದೆ. ತಲೆಗೆ, ಮೈಗೆ ಎಣ್ಣೆ ಒತ್ತಿ ಹಾಕಿದೆ. ಅದು ಸ್ನಾನ ಅಲ್ಲಮ್ಮ. ಅದು ಹಬ್ಬ."

ಬಾಯಿಗೆ ಬಂದದ್ದನ್ನು ಅನ್ನಬೇಕು ಅಂತಿದ್ದವಳು ಚೀಲ ಬಿಚ್ಚಿ ಹತ್ತಿ ತೆಗೆದೆ. ಆಕೆ ನನ್ನ ಒಂದು ಮಾತನ್ನೂ ಮೀರಿರಲಿಲ್ಲ. ಸೋಪು ಬೇಡ ಅಂದಿದ್ದೆ, ಸೀಗೆಪುಡಿ ಹಾಕಿದ್ದರು. ಸ್ನಾನ ಬೇಡ ಅಂದಿದ್ದೆ, ಹಬ್ಬ ಮಾಡಿದ್ದರು. ಊರೆಲ್ಲ ಪಟಾಕಿ ಹೊಡೆಯುತ್ತಿತ್ತು, ದೀಪಾವಳಿ ಬರುತ್ತಿದೆ ಅಂತ ನನಗೂ ಗೊತ್ತಿತ್ತು. ನಮ್ಮ ಮನೆಯ ಹಬ್ಬವಲ್ಲದ್ದರಿಂದ ಆ ಹಂಡೆಯ ನೀರು ನನ್ನ ತಲೆಗೆ ಹೊಳೆಯಲೇ ಇಲ್ಲ. ತಪ್ಪು ನನ್ನದು.

ಜಿನುಗುವ ಜಾಗಕ್ಕೆ ಜೆನ್ಶಿಯನ್ ವಯಲೆಟ್ ಅನ್ನುವ ನೇರಳೆ ಔಷಧಿ ಹಚ್ಚಿ, ಗಾಳಿಯಾಡಲು ಬಿಟ್ಟೆವು. ಒಣಗುವವರೆಗೆ ಚಿಕಿತ್ಸೆ ನಿಂತಿತು. ಆಮೇಲೆ ಆಸ್ಪತ್ರೆಯವರು ಬೈದು ಹೊಸ ಗೆರೆ ಎಳೆದರು. ಬೈಗುಳ ತಿಂದದ್ದು ಆ ಹೆಂಗಸು. ನನಗೆ ಅದು ಇವತ್ತಿಗೂ ಚುಚ್ಚುತ್ತದೆ.

ನಾಲ್ಕನೇ ವಾರಕ್ಕೆ ಬಾಯಿ ಒಡೆಯಿತು. ಕೆನ್ನೆಯ ಒಳಗೆ, ನಾಲಿಗೆಯ ಅಂಚಿಗೆ ಬಿಳಿ ಪೊರೆ ಕಟ್ಟಿತು. ಪೊರೆ ಕಿತ್ತಲ್ಲೆಲ್ಲ ರಕ್ತ. ಜೊಲ್ಲು ಬತ್ತಿಹೋಯಿತು. ಊಟಕ್ಕೆ ಕಾಲು ಗಂಟೆ ಮುಂಚೆ ಆಸ್ಪಿರಿನ್ ಮಾತ್ರೆ ಪುಡಿ ಮಾಡಿ ನೀರಿನಲ್ಲಿ ಕದಡಿ ಮುಕ್ಕಳಿಸಿ ನುಂಗಿಸುತ್ತಿದ್ದೆ, ನೋವು ಸ್ವಲ್ಪ ಮಂಕಾಗಲಿ ಅಂತ. ಆಸ್ಪತ್ರೆಯವರು ಕೊಟ್ಟ ಆಹಾರದ ಪಟ್ಟಿಯಲ್ಲಿ ಮೊಟ್ಟೆ, ಮಾಂಸದ ಸೂಪು, ಕಸ್ಟರ್ಡು ಇದ್ದವು. ಬರೆದ ಪುಣ್ಯಾತ್ಮ ಈ ಮನೆಯ ಅಡುಗೆಮನೆ ಕಂಡವನಲ್ಲ. ನಾನೂ ಕಂಡವಳಲ್ಲ, ಆದರೂ ಪಟ್ಟಿ ಪಕ್ಕಕ್ಕಿಟ್ಟು ಬೇರೆ ಬರೆದೆ. ಹೆಸರುಬೇಳೆಯ ಕಟ್ಟಿಗೆ ತುಪ್ಪ, ಸೋಸಿದ ರಾಗಿ ಹಾಲು, ಗಂಜಿ, ಬಾಳೆಹಣ್ಣು ಕಿವುಚಿದ್ದು. ಹುಳಿ, ಖಾರ ಹತ್ತಿರ ಸುಳಿಯಬಾರದು. ದಿನಕ್ಕೆ ಆರು ಲೋಟ ಒಳಗೆ ಹೋಗಲೇಬೇಕು.

ಇನ್ನೊಂದು ಕೆಲಸವನ್ನೂ ಮಾಡಿದೆ. ವಾಕರಿಕೆ ಇರುವ ರೋಗಿಯನ್ನು ಅಡುಗೆಯ ವಾಸನೆಯಿಂದ ದೂರ ಇಡಬೇಕು ಅಂತ ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಭಟ್ಟರ ಮಂಚವನ್ನು ನಡುಮನೆಯಿಂದ ಜಗುಲಿಗೆ ಸಾಗಿಸಿದೆ. ಅಡುಗೆಮನೆ, ನಡುಮನೆ ಎರಡರ ಬಾಗಿಲೂ ಹಾಕಿಸಿದೆ. ಪುಸ್ತಕದಲ್ಲಿ ಇದ್ದ ಹಾಗೆ ಎಲ್ಲ ಅಚ್ಚುಕಟ್ಟು.

ಭಟ್ಟರು ದಿನದಿನಕ್ಕೆ ಕುಂದಿದರು. ಆರು ಲೋಟ ನಾಲ್ಕಾಯಿತು, ನಾಲ್ಕು ಎರಡಾಯಿತು.

"ಏನು ಕುಡಿದ್ರೂ ಗೋಡೆ ನೆಕ್ಕಿದ ಹಾಗಿರುತ್ತೆ," ಅಂದರು ಒಂದು ದಿನ. ಮಾತು ತೊದಲುತ್ತಿತ್ತು. "ಹಾಲೂ ಅದೇ, ತುಪ್ಪಾನೂ ಅದೇ."

"ಏನು ತಿನ್ನಬೇಕು ಅನ್ಸುತ್ತೆ?"

ನಾನು ಪಾಯಸ, ಹೋಳಿಗೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಹೇಳಿದರು, "ಅಡುಗೆಯೋರು ಎಲ್ಲರಿಗಿಂತ ಕಡೇಲಿ ಊಟಕ್ಕೆ ಕೂರೋದು ನರ್ಸಮ್ಮ. ಆ ಹೊತ್ತಿಗೆ ಪಲ್ಯ ಇರಲ್ಲ, ಸಿಹಿ ಇರಲ್ಲ. ಕೊಳದಪ್ಪಲೆ ತಳದಲ್ಲಿ ಸಾರಿನ ಗಷ್ಟು ಇರುತ್ತೆ, ತಣ್ಣಗಾಗಿರೋ ಅನ್ನ ಇರುತ್ತೆ. ಅದನ್ನ ಕಲಸ್ಕೊಂಡು, ಗೋಡೆಗೆ ಒರಗಿ, ಕಾಲು ಚಾಚಿ ತಿಂತೀವಲ್ಲ. ಅದು ಬೇಕು. ಒಂದೇ ಒಂದು ತುತ್ತು."

ಅವರ ಕಣ್ಣಿನಿಂದ ನೀರು ಇಳಿಯಿತು. ನಾನು ಲೋಟ ಮುಂದೆ ಹಿಡಿದೆ. ಕುಡಿಯಲಿಲ್ಲ.

ಹತ್ತೊಂಬತ್ತನೆಯ ಸಲ ಮುಗಿಸಿ ಬಂದ ಗುರುವಾರ ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದವರು, "ಇನ್ನು ಹೋಗಲ್ಲ," ಅಂದರು. ಮಾರನೆಯ ಬೆಳಿಗ್ಗೆ ಬಂದ ಜಟಕಾವನ್ನು ಹಾಗೇ ವಾಪಸು ಕಳಿಸಿದರು.

ನಾನು ಗದರಿದೆ, ಹೆದರಿಸಿದೆ, ಕೈ ಮುಗಿದೆ. ಅವರು ಮಿಸುಕಲಿಲ್ಲ. ಓಡಿಹೋಗಿ ಡಾಕ್ಟರಿಗೆ ಹೇಳಿದೆ.

"ಗೆಡ್ಡೆ ಅರ್ಧಕ್ಕರ್ಧ ಕರಗಿದೆ," ಅಂದರು ಡಾಕ್ಟರು. "ಈಗ ಬಿಟ್ರೆ ಮತ್ತೆ ಬೆಳೆಯುತ್ತೆ. ಆಮೇಲೆ ಇದೇ ಚಿಕಿತ್ಸೆ ಕೊಡೋಕಾಗಲ್ಲ, ಚರ್ಮ ತಡೆಯಲ್ಲ. ಮುಂದಿನ ಗುರುವಾರದೊಳಗೆ ಯಂತ್ರದ ಮುಂದೆ ಇರಬೇಕು. ಆದ್ರೆ ಹೀಗೆ ಉಪವಾಸ ಇದ್ರೆ ಆಸ್ಪತ್ರೆಯೋರೇ ತಗೊಳ್ಳಲ್ಲ. ಆರು ಲೋಟ ಇಳಿಯುತ್ತೆ ಅಂತ ನೀವು ಬರೆದುಕೊಡಬೇಕು."

"ರುಚಿ ಹೋಗಿದೆ ಅನ್ನೋದೇ ಅವರ ಕೊರಗು. ಅದು ವಾಪಸ್ ಬರುತ್ತಾ ಸಾರ್?"

"ಕೆಲವರಿಗೆ ಬರುತ್ತೆ. ಕೆಲವರಿಗೆ ಕೊನೇವರೆಗೂ ಬರಲ್ಲ. ಇವರಿಗೆ ಮುಖದ ಎರಡೂ ಕಡೆಯಿಂದ ಕಿರಣ ಕೊಡ್ತಿದ್ದಾರೆ. ನಾನಾಗಿದ್ರೆ ಮಾತು ಕೊಡ್ತಿರಲಿಲ್ಲ," ಅಂದರು.

ಶನಿವಾರ, ಭಾನುವಾರ ಎರಡು ಲೋಟವೂ ಇಳಿಯಲಿಲ್ಲ.

ಸೋಮವಾರ ನಾನು ಹೋದಾಗ ಹತ್ತು ಗಂಟೆ ಇರಬಹುದು. ಹೆಂಡತಿ ಹಾಲಿನವಳ ಜೊತೆ ಮಾತಾಡಿ ಒಳಗೆ ಹೋಗುವಾಗ ಬಾಗಿಲುಗಳನ್ನು ಹಾಕುವುದು ಮರೆತಿದ್ದರು. ಒಳಗಿನಿಂದ ಸಾರು ಕುದಿಯುವ ವಾಸನೆ ಜಗುಲಿಯವರೆಗೆ ಬಂತು. ಬಾಗಿಲು ಹಾಕಲು ನಾನು ಎದ್ದೆ. ಅಷ್ಟರಲ್ಲಿ ನಾಲ್ಕು ದಿನದಿಂದ ಗೋಡೆ ನೋಡುತ್ತಿದ್ದ ಮನುಷ್ಯ ಈ ಕಡೆ ತಿರುಗಿದರು.

"ಉಪ್ಪು ಹಾಕಿಲ್ಲ," ಅಂದರು.

"ಏನಂದ್ರಿ?"

"ಸಾರಿಗೆ ಉಪ್ಪು ಬಿದ್ದಿಲ್ಲ. ಇಳಿಸೋಕ್ಕೆ ಮುಂಚೆ ಹೋಗಿ ಹೇಳಿ."

ನಡುಮನೆಯಲ್ಲಿ ನಿಂತು ಕೂಗಿ ಹೇಳಿದೆ. ಒಳಗೆ ಸೌಟಿನ ಸದ್ದು ನಿಂತಿತು. ಆಮೇಲೆ ಹೆಂಡತಿಯ ದನಿ, "ಹೌದು, ಮರೆತೇಬಿಟ್ಟಿದ್ದೆ."

ನಾನು ವಾಪಸು ಬಂದು ಮಂಚದ ಪಕ್ಕ ಕೂತೆ. "ಇಲ್ಲಿಂದ ಹೇಗೆ ಗೊತ್ತಾಯ್ತು?"

"ಇನ್ನು ಹೇಗೆ ಗೊತ್ತಾಗಬೇಕು? ದೇವರ ನೈವೇದ್ಯಕ್ಕೆ ಮುಂಚೆ ಅಡುಗೆ ಬಾಯಿಗೆ ಹಾಕೋ ಹಾಗಿಲ್ಲ. ದೇವರಿಗೆ ಎಂಜಲು ಇಡೋಕಾಗುತ್ತಾ? ಸಾವಿರ ಜನಕ್ಕೆ ಸಾರು ಮಾಡಿದೀನಿ ನರ್ಸಮ್ಮ, ಒಂದು ಸಲಾನೂ ಉಪ್ಪು ನೋಡಿಲ್ಲ. ಉಪ್ಪು ಬಿದ್ದ ತಕ್ಷಣ ಕುದಿಯೋ ವಾಸನೆ ಬದಲಾಗುತ್ತೆ. ಹುಣಸೆ ಹಸಿ ವಾಸನೆ ಕೂತ್ಕೊಳ್ಳುತ್ತೆ, ಬೇಳೆ ವಾಸನೆ ಮೇಲೇಳುತ್ತೆ. ಕಡಿಮೆ ಆದ್ರೆ ಒಂಥರಾ, ಹೆಚ್ಚಾದ್ರೆ ಒಂಥರಾ. ಎಲ್ಲ ಇಲ್ಲಿ," ಅಂತ ಮೂಗು ಮುಟ್ಟಿ ತೋರಿಸಿದರು.

ಒಂದು ವಾರದಲ್ಲಿ ಅವರು ಅಷ್ಟು ಮಾತಾಡಿರಲಿಲ್ಲ. ಮಾತಿನ ಮಧ್ಯೆ ನಾನು ಕೈಗೆ ಕೊಟ್ಟಿದ್ದ ಹೆಸರುಕಟ್ಟಿನ ಲೋಟವನ್ನು ಗುಟುಕು ಗುಟುಕಾಗಿ ಖಾಲಿ ಮಾಡಿದ್ದರು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ.

ಖಾಲಿ ಲೋಟ ನೋಡಿ ನನ್ನ ಪೆದ್ದುತನಕ್ಕೆ ನಾನೇ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ನಾಲಿಗೆ ಕೆಟ್ಟ ಮನುಷ್ಯನಿಗೆ ಉಳಿದಿದ್ದದ್ದು ಮೂಗೊಂದೇ. ನಾನು ಅದಕ್ಕೂ ಬಾಗಿಲು ಹಾಕಿಸಿದ್ದೆ. ಎಲ್ಲ ರೋಗಿಗಳಿಗೂ ಅಂತ ಬರೆದ ಪುಸ್ತಕದಲ್ಲಿ ಅಡುಗೆ ಭಟ್ಟರ ವಿಷಯ ಎಲ್ಲಿರುತ್ತದೆ?

ಅವತ್ತು ಬಾಗಿಲುಗಳನ್ನು ತೆರೆಸಿದೆ. ಸಂಜೆಯವರೆಗೆ ಮೂರು ಲೋಟ ಇಳಿದವು, ಅಲ್ಲಿಗೆ ನಿಂತವು. ಹೆಂಡತಿ ನಲವತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದವರು, ಅವರಲ್ಲಿ ತಿದ್ದುವುದಕ್ಕೆ ಹೆಚ್ಚೇನೂ ಇರಲಿಲ್ಲ. ಭಟ್ಟರಿಗೆ ವಾಸನೆಯಷ್ಟೇ ಸಾಲದು, ತಿದ್ದುವುದಕ್ಕೆ ಯಾರಾದರೂ ದಡ್ಡರು ಬೇಕು ಅನ್ನಿಸಿತು. ಆ ಮಟ್ಟಿಗೆ ನನ್ನಷ್ಟು ಯೋಗ್ಯರು ಬೇರೆ ಇರಲಿಲ್ಲ. ನಾನು ಒಂಟಿ, ಕೋಣೆಯಲ್ಲಿ ಒಂದು ಪಂಪ್ ಸ್ಟೌ, ಒಂದು ಪಾತ್ರೆ. ಬನ್ನು, ಬಾಳೆಹಣ್ಣು, ಕಾಫಿಯಲ್ಲಿ ವರ್ಷಗಳನ್ನು ದೂಡಿದ್ದೆ.

ಮಂಗಳವಾರ ಬೆಳಿಗ್ಗೆ ಸ್ಟೌ, ಪಾತ್ರೆ, ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಹೊತ್ತುಕೊಂಡು ಹೋಗಿ ಅವರ ಜಗುಲಿಯ ಕೆಳಗಿನ ಮೆಟ್ಟಿಲ ಮೇಲೆ ಜೋಡಿಸಿದೆ.

"ಇದೇನು?" ಅಂದರು.

"ನನಗೆ ಸಾರು ಮಾಡೋಕೆ ಬರಲ್ಲ. ಹೇಳಿಕೊಡಿ."

"ನಿಮಗಾ?"

"ನನಗೇ. ನಿಮ್ಮ ಹೊಸ್ತಿಲು ದಾಟಿಲ್ಲ, ನೋಡ್ಕೊಳಿ. ಒಂದೊಂದು ಪ್ರಶ್ನೆಗೆ ಎರಡು ಗುಟುಕು ಕುಡೀಬೇಕು."

ಅವರು ಹೆಂಡತಿಯ ಮುಖ ನೋಡಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಮೊದಲ ಬೇಳೆ ತಳ ಹತ್ತಿತು. "ಉರಿ ಸಣ್ಣ ಮಾಡಿ, ಇಡೀ ತ್ಯಾಗರಾಜನಗರ ಸುಡ್ತೀರಾ," ಅಂದರು. ಎರಡು ಗುಟುಕು. ಹುಣಸೆ ನೀರು ಎಷ್ಟು ಹೊತ್ತು ಕುದಿಯಬೇಕು ಅಂತ ಕೇಳಿದೆ. "ಗಡಿಯಾರ ನೋಡಬೇಡಿ, ಮುಖ ಒಡ್ಡಿ. ಮೂಗಿನ ತುದಿ ಚುರುಗುಟ್ಟೋದು ನಿಲ್ತಾ? ಆಗ ಪುಡಿ ಹಾಕಿ." ಎರಡು ಗುಟುಕು. ರುಚಿ ನೋಡಲು ನಾನು ಸೌಟಿನಿಂದ ಅಂಗೈಗೆ ಸಾರು ಬಿಟ್ಟುಕೊಳ್ಳಹೋದೆ. ಅವರು ಮಂಚದಿಂದ ಅರ್ಧ ಎದ್ದುಬಿಟ್ಟರು. "ಬಾಯಿಗೆ ಹಾಕಬೇಡಿ. ಒಂದು ಸಲ ನಾಲಿಗೆ ಕೇಳಿದ್ರೆ ಮೂಗು ಆಮೇಲೆ ಕೆಲಸ ಮಾಡಲ್ಲ. ಮನೆಗೆ ತಗೊಂಡು ಹೋಗಿ, ನಿಮ್ಮ ದೇವರಿಗೆ ತೋರಿಸಿ, ಆಮೇಲೆ ಉಣ್ಣಿ."

"ನಮ್ಮ ದೇವರು ನೈವೇದ್ಯ ಕೇಳಲ್ಲ ಭಟ್ರೇ."

"ಕೇಳದೇ ಇದ್ರೆ ಕೊಡಬಾರದು ಅಂತ ಇದ್ಯಾ?"

ಆ ದಿನ ಐದು ಲೋಟ. ಬುಧವಾರ ಬೇಕೆಂತಲೇ ಉಪ್ಪು ಬಿಟ್ಟು ಕುದಿಸಿದೆ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕಂಡುಹಿಡಿದು, "ನನ್ನನ್ನೇ ಪರೀಕ್ಷೆ ಮಾಡ್ತೀರಾ," ಅಂತ ಗದರಿದರು. ಬುಧವಾರ ಆರು ಲೋಟ.

ಇವತ್ತಿಗೂ ಸಾರು ಕುದಿಯುವಾಗ ನಾನು ಮುಖ ಒಡ್ಡಿ ನಿಲ್ಲುತ್ತೇನೆ. ಬೆನ್ನ ಹಿಂದಿನಿಂದ ಆ ಒರಟು ದನಿ ಏನಾದರೂ ಒಂದು ತಪ್ಪು ಹೇಳಲಿ ಅಂತ ಕಾಯುತ್ತೇನೆ. ಯಾರೂ ಹೇಳುವುದಿಲ್ಲ. ಅವರು ಬೇಕು ಅನ್ನಿಸುತ್ತದೆ, ಬಹಳ ಬೇಕು ಅನ್ನಿಸುತ್ತದೆ.

ಬುಧವಾರ ಸಂಜೆ ಡಾಕ್ಟರಿಗೆ ಕೊಡಬೇಕಾದ ಚೀಟಿ ಬರೆಯುತ್ತಿದ್ದೆ. ಭಟ್ಟರು ಹೇಳಿದರು, "ಬರೀಬೇಡಿ. ಕುಡಿಯೋದು ಕುಡೀತೀನಿ. ಅಲ್ಲಿಗೆ ಹೋಗಲ್ಲ."

"ಯಾಕೆ?"

"ಹತ್ತೊಂಬತ್ತು ಸಲಕ್ಕೇ ನಾಲಿಗೆ ಹೀಗಾಗಿದೆ. ಇನ್ನು ಹನ್ನೊಂದು ಸಲ ಸುಟ್ರೆ ಪೂರ್ತಿ ಹೋಗುತ್ತೆ. ಇಷ್ಟಕ್ಕೆ ನಿಲ್ಲಿಸಿದ್ರೆ ಸ್ವಲ್ಪ ಆದ್ರೂ ಉಳೀಬಹುದು." ನನ್ನ ಕಡೆ ತಿರುಗಿದರು. "ನೀವು ನೇರ ಮಾತಾಡೋರು, ಅದಕ್ಕೆ ಕೇಳ್ತೀನಿ. ಎಲ್ಲ ಮುಗಿಸಿದ್ರೆ ರುಚಿ ವಾಪಸ್ ಬರುತ್ತಾ?"

ಅವರ ಲೆಕ್ಕ ತಪ್ಪು ಅಂತ ಹೇಳುವ ಹಾಗೂ ಇರಲಿಲ್ಲ. ನಿಲ್ಲಿಸಿದರೆ ನಾಲಿಗೆ ಸ್ವಲ್ಪ ಉಳಿಯಬಹುದು, ಮನುಷ್ಯ ಉಳಿಯುವುದಿಲ್ಲ. ಗೊತ್ತಿಲ್ಲ ಭಟ್ರೇ, ಬರದೇ ಇರಬಹುದು ಅನ್ನುವುದು ನಿಜ. ಅದನ್ನು ಹೇಳಿದರೆ ಅವರು ಗೋಡೆಯ ಕಡೆ ತಿರುಗುತ್ತಾರೆ. ಬಾಗಿಲಲ್ಲಿ ಹೆಂಡತಿ ಚೊಂಬು ಹಿಡಿದು ನಿಂತಿದ್ದರು. ಆಕೆ ಭಟ್ಟರನ್ನು ನೋಡುತ್ತಿರಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಬರುತ್ತೆ," ಅಂದೆ. "ಮೂರು ತಿಂಗಳು. ಆಸ್ಪತ್ರೆಯೋರನ್ನ ಕೇಳಿಕೊಂಡೇ ಹೇಳ್ತಿದೀನಿ."

"ನಿಜವಾಗ್ಲೂ?"

"ನಾನು ಯಾವತ್ತಾದ್ರೂ ನಿಮಗೆ ಸುಳ್ಳು ಹೇಳಿದೀನಾ?"

ಹೇಳಿರಲಿಲ್ಲ. ಅದಕ್ಕೇ ನಂಬಿದರು. ಗುರುವಾರ ಬೆಳಿಗ್ಗೆ ಜಟಕಾ ಹತ್ತಿದರು.

ಹನ್ನೊಂದು ಸಲವೂ ಹೋದರು. ಬಾಯಿ ಇನ್ನಷ್ಟು ಕೆಟ್ಟಿತು. ಕಡೆಯ ವಾರ ಹತ್ತಿಯನ್ನು ಸೋಡಾ ನೀರಿನಲ್ಲಿ ಅದ್ದಿ, ಕಡ್ಡಿಗೆ ಸುತ್ತಿ ಹಲ್ಲು ಒರೆಸಬೇಕಾಯಿತು. ತುಟಿಗೆ ಗ್ಲಿಸರಿನ್ ಹಚ್ಚಿದರೂ ರಕ್ತ ಬರುತ್ತಿತ್ತು. ಆದರೂ ಆಸ್ಪತ್ರೆಯಿಂದ ಬಂದು ಮಲಗಿದ ಮೇಲೆ, "ಹಚ್ಚಿ ಸ್ಟೌ," ಅಂತ ಸನ್ನೆ ಮಾಡುತ್ತಿದ್ದರು. ಮಾತಾಡಲಾಗದ ದಿನ ಬೆರಳಲ್ಲೇ ತಿದ್ದುತ್ತಿದ್ದರು. ಮೇಲೆ ಎತ್ತಿದರೆ ಉರಿ ಜಾಸ್ತಿ, ಮೂಗು ಸುಕ್ಕಿಸಿದರೆ ಇಂಗು ಸಾಲದು. ಆ ಆರು ಲೋಟಗಳ ಹಿಂದೆ ನಾನು ತಿಳಿಸಾರು, ಮೆಣಸಿನ ಸಾರು, ನಿಂಬೆ ಸಾರು ಮೂರೂ ಕಲಿತೆ. ದಿನಾ ಸಂಜೆ ನನ್ನ ಕೋಣೆಗೆ ಒಂದು ಪಾತ್ರೆ ಸಾರು ಬರುತ್ತಿತ್ತು. ಅನ್ನ ಮಾಡಿಕೊಂಡು, ಗೋಡೆಗೆ ಒರಗಿ, ಕಾಲು ಚಾಚಿ ಉಣ್ಣುತ್ತಿದ್ದೆ. ಅಮ್ಮ ಹೋದ ಮೇಲೆ ನನಗೆ ಮನೆ ಅನ್ನುವ ವಾಸನೆ ಮೂಗಿಗೆ ಬಂದದ್ದು ಆ ದಿನಗಳಲ್ಲಿ.

ಗೆಡ್ಡೆ ಪೂರ್ತಿ ಕರಗಿತು. ಕೆನ್ನೆಯ ಹುಣ್ಣು ಮಾಯಲು ಸಂಕ್ರಾಂತಿ ಬಂತು. ಜೊಲ್ಲು ಮರಳಲಿಲ್ಲ, ಪಕ್ಕದಲ್ಲಿ ಸದಾ ನೀರಿನ ಚೊಂಬು ಬೇಕಿತ್ತು. ವಾರಕ್ಕೊಮ್ಮೆ ಹೋಗಿ ಹಲ್ಲು, ಒಸಡು ನೋಡುತ್ತಿದ್ದೆ. ಮೂರನೆಯ ತಿಂಗಳು ಅವರೇ ಹೇಳಿದರು, "ಇನ್ನೂ ಬಂದಿಲ್ಲ ನರ್ಸಮ್ಮ." "ಬರುತ್ತೆ, ಅವಸರ ಮಾಡಬೇಡಿ," ಅಂದೆ. ಐದನೆಯ ತಿಂಗಳೂ ಅದೇ ಮಾತು, ಅದೇ ಉತ್ತರ. ಆಮೇಲೆ ಅವರು ಆ ವಿಷಯ ಎತ್ತುವುದನ್ನು ಬಿಟ್ಟರು. ಆ ಮನೆಗೆ ಹೋದಾಗಲೆಲ್ಲ ನಾನು ಅವರ ಕಣ್ಣು ತಪ್ಪಿಸಿ ಚೀಲ ಬಿಚ್ಚುತ್ತಿದ್ದೆ. ವೈಶಾಖದಲ್ಲಿ ಮತ್ತೆ ಮದುವೆಗಳ ಅಡುಗೆಗೆ ಹೋದರು. ಸಾರು ಮುಂಚಿನ ಹಾಗೇ ಇತ್ತು ಅಂತ ಜನ ಹೇಳಿದರು. ಅದರಲ್ಲಿ ಆಶ್ಚರ್ಯವಿರಲಿಲ್ಲ, ಅವರು ನಾಲಿಗೆಯಿಂದ ಅಡುಗೆ ಮಾಡಿದವರೇ ಅಲ್ಲ. ಕಡೆಯ ಪಂಕ್ತಿ ಎದ್ದ ಮೇಲೆ ಗೋಡೆಗೆ ಒರಗಿ ಅವರು ಏನು ಉಣ್ಣುತ್ತಿದ್ದರು ಅನ್ನುವುದನ್ನು ಯಾರೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಭಟ್ಟರು ಮನೆಯಲ್ಲೇ ಇದ್ದರು. ಒಂದು ದಿನ ನಾನು ಚೀಲ ಕಟ್ಟಿಕೊಳ್ಳುತ್ತಿದ್ದಾಗ ಅಂದರು, "ಮುಂದಿನ ವಾರ ಬರುವಾಗ ನಿಮ್ಮ ಕೋಣೇಲೇ ಸಾರು ಮಾಡ್ಕೊಂಡು ಬನ್ನಿ. ನನಗೆ."

ನಾನು ಅವರ ಹೆಂಡತಿಯನ್ನು ನೋಡಿದೆ. "ನಾನು ಮಾಡಿದ್ದನ್ನ ನೀವು ಕುಡೀತೀರಾ?"

"ಕಲಿಸಿದೋನು ನಾನಲ್ವಾ. ಶಿಷ್ಯರ ಸಾರು ಕುಡೀದೇ ಇದ್ರೆ ಹೇಗೆ." ಆಮೇಲೆ ಸ್ವಲ್ಪ ಗಂಭೀರವಾಗಿ, "ಉಪ್ಪು ನೋಡಬೇಡಿ ಮತ್ತೆ," ಅಂದರು.

ಆ ದಿನ ನಸುಕಿಗೇ ಎದ್ದು ಸ್ಟೌ ಹಚ್ಚಿದೆ. ಪರೀಕ್ಷೆಗೂ ನಾನು ಅಷ್ಟು ಹೆದರಿದವಳಲ್ಲ. ಪಾತ್ರೆ ಎರಡು ಸಲ ತೊಳೆದೆ. ಬೇಳೆ ಬೇಯಿಸಿ, ಹುಣಸೆ ಕುದಿಸಿ, ಪುಡಿ ಹಾಕಿ, ತುಪ್ಪದ ಒಗ್ಗರಣೆ ಕೊಟ್ಟೆ. ಮುಖ ಒಡ್ಡಿ ನಿಂತೆ, ಆದರೆ ನೆಗಡಿಯಾಗಿ ಮೂಗು ಕಟ್ಟಿತ್ತು. ಬಾಯಿಗೆ ಹಾಕಲಿಲ್ಲ. ಅರ್ಧ ಸಾರನ್ನು ಡಬ್ಬಿಗೆ ತುಂಬಿ, ಅರ್ಧವನ್ನು ನನ್ನ ಊಟಕ್ಕೆ ಬಿಟ್ಟು ಹೊರಟೆ.

ಭಟ್ಟರು ಜಗುಲಿಯಲ್ಲಿ ಪಂಚೆ ಉಟ್ಟು ಕಾದಿದ್ದರು. ಹೆಂಡತಿ ಬೆಳ್ಳಿ ಲೋಟ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. ನಾನೇ ಬಗ್ಗಿಸಿದೆ. ಅವರು ಲೋಟವನ್ನು ಮೂಗಿನ ಹತ್ತಿರ ತಂದು ಒಂದು ಗಳಿಗೆ ಹಿಡಿದರು. ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ, ಕಣ್ಣು ಮುಚ್ಚಿಕೊಂಡು, ಇಡೀ ಲೋಟ ಕುಡಿದರು.

"ಬಂತು ನರ್ಸಮ್ಮ," ಅಂದರು.

"ಏನು?"

"ರುಚಿ. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿದೆ. ನೀವು ಹೇಳಿದ ಹಾಗೇ ಬಂತು, ಸ್ವಲ್ಪ ತಡ ಆಯ್ತು ಅಷ್ಟೇ. ಇನ್ನು ಮೇಲೆ ನೀವು ಅದನ್ನ ಮನಸ್ಸಿಗೆ ಹಚ್ಕೋಬೇಡಿ."

ನಾನು ಅತ್ತುಬಿಟ್ಟೆ. ಎಂಟು ತಿಂಗಳು ಎದೆಯಲ್ಲಿ ಹೊತ್ತಿದ್ದದ್ದು ಆ ಜಗುಲಿಯ ಮೇಲೆ ಇಳಿಯಿತು. ಅವರ ಹೆಂಡತಿಯೂ ಕಣ್ಣೊರೆಸಿಕೊಂಡರು. ಭಟ್ಟರು ಇನ್ನೊಂದು ಲೋಟ ಬಗ್ಗಿಸಿಕೊಂಡು ಕುಡಿದರು.

ಜಯನಗರದವರೆಗೆ ನಡೆದೇ ಬಂದೆ. ಖಾಲಿ ಸೈಟುಗಳ ಹುಲ್ಲಿನ ಮೇಲೆ ಜಿಟಿಜಿಟಿ ಹನಿ ಬೀಳುತ್ತಿತ್ತು. ಕೋಣೆಗೆ ಬಂದು ಅನ್ನಕ್ಕಿಟ್ಟು, ಉಳಿದಿದ್ದ ಸಾರು ಬಿಸಿ ಮಾಡಿ, ಕಲಸಿ ಮೊದಲ ತುತ್ತು ಬಾಯಿಗಿಟ್ಟೆ.

ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. 'ಎಲ್ಲ ಹದವಾಗಿದೆ' ಅಂದಿದ್ದರು. ಅವರ ನಾಲಿಗೆಗೆ ಏನೂ ಮರಳಿರಲಿಲ್ಲ. ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ಲೋಟವನ್ನು ಮೂಗಿನ ಹತ್ತಿರ ಹಿಡಿದು ನನ್ನ ಮುಖ ನೋಡಿದರಲ್ಲ, ಆಗಲೇ ಅವರಿಗೆ ಗೊತ್ತಾಗಿತ್ತು. ಅಡುಗೆಮನೆಯಿಂದ ಜಗುಲಿಗೆ ಬಂದ ವಾಸನೆಯಲ್ಲೇ ಉಪ್ಪಿಲ್ಲ ಅಂದವರಿಗೆ ಕೈಯಲ್ಲಿದ್ದ ಲೋಟ ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೇ ಕುಡಿದರು. ಎರಡನೆಯ ಲೋಟವನ್ನೂ ಕುಡಿದರು.

ಉಪ್ಪಿನ ಡಬ್ಬಿ ಕೈಗೆಟಕುವ ಹಾಗೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ಆ ಸಪ್ಪೆ ಅನ್ನವನ್ನು ಕಡೆಯ ಅಗುಳಿನವರೆಗೂ ಉಂಡೆ.